ಹನ್ನೆರಡು ಪೈಪು ಜಾಸ್ತಿ



ಮಾರ್ಚ್ 20ರ ಮಹಾಡ್ ಸತ್ಯಾಗ್ರಹದ ದಿನಾಚರಣೆಗೆ ನಾನ್ಯಾಕೆ ಬರಲಿಲ್ಲ ಅಂತ ಸುಮಾರು ಜನ ಕೇಳಿದ್ದೀರಿ. ಕರಪತ್ರದಲ್ಲಿ ಹೆಸರು ಅಚ್ಚು ಹಾಕಿಸ್ಕೊಂಡು, ಭಾಷಣದ ಹೊತ್ತಿಗೆ ಫೋನ್ ಸ್ವಿಚ್ ಆಫ್ ಮಾಡ್ಕೊಂಡ ಅಂತ ಒಬ್ಬ ಗೆಳೆಯ ಗ್ರೂಪಲ್ಲಿ ಬೈದಿದ್ದಾನೆ. ಬೈಸ್ಕೊಳ್ಳೋಕೆ ನಾನು ಲಾಯಕ್ಕೇ. ಆದ್ರೆ ಫೋನ್ ಆಫ್ ಮಾಡಿದ್ದು ನಾನಲ್ಲ, ಅದು ಬಾವಿಗೆ ಬಿತ್ತು. ಶರ್ಟಿನ ಜೇಬಿಂದ ಜಾರಿ, ಹದಿನಾಲ್ಕು ಅಡಿ ಕೆಳಗೆ ನೀರಿಗೆ. ಆ ಹೊತ್ತಲ್ಲಿ ನನ್ನ ಎರಡೂ ಕೈ ಮೂರಿಂಚಿನ ಸಕ್ಷನ್ ಪೈಪನ್ನ ಹಿಡ್ಕೊಂಡಿದ್ವು.

ಪೋಸ್ಟ್ ಉದ್ದ ಆಗುತ್ತೆ. ಪುರುಸೊತ್ತಿದ್ದವರು ಓದಿ.

ನಮ್ಮೂರು ಕೋಲಾರ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ತಾತನಿಗೆ ದರಖಾಸ್ತಲ್ಲಿ ಸಿಕ್ಕಿದ್ದು ಒಂದೆಕರೆ ಮೂವತ್ತು ಗುಂಟೆ. ಕೆರೆ ಹಿಂದಿನ ಇಳಿಜಾರಲ್ಲಿ ಕೆಳಗೆ ಇಪ್ಪತ್ತು ಗುಂಟೆ, ಅದರಲ್ಲಿ ಬಾವಿ. ಮೇಲೆ ಮೂವತ್ತಾರು ಗುಂಟೆ. ನಡುವಿನ ಹದಿನಾಲ್ಕು ಗುಂಟೆ ಈಗ ನಮ್ಮ ಕೈಲಿಲ್ಲ. ಅತ್ತೆ ಮದುವೆಗೆ ಅಂತ ತಾತ ಮುನ್ನೂರು ರೂಪಾಯಿ ಸಾಲ ತಗೊಂಡು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದ. ಆ ಕಾಗದ ಏನು ಹೇಳುತ್ತೆ ಅಂತ ಅವನಿಗೆ ಕೊನೇವರೆಗೂ ಗೊತ್ತಾಗಲಿಲ್ಲ. ಆ ನಡುವಿನ ತುಂಡಲ್ಲಿ ಈಗ ಊರಿನ ಒಬ್ಬ ಗೌಡರ ಟೊಮೊಟೊ ಇದೆ.

ಬಾವಿ ತೆಗೆದಿದ್ದು ಅಪ್ಪ ಮತ್ತು ಚಿಕ್ಕಪ್ಪ. ಇಬ್ಬರೂ ಬೇರೆಯವರ ಎಷ್ಟೋ ಬಾವಿ ತೆಗೆದಿದ್ದವರು. ನೀರು ಕಂಡ ದಿನ ಪೂಜೆ ಆಗಿ, ಮಡಿ ಆಗಿ, ಮಾರನೇ ದಿನದಿಂದ ಅದೇ ಬಾವಿ ಹತ್ತಿರ ಹೋಗಬಾರದು ಅಂತ ಹೇಳಿಸ್ಕೊಂಡು ಬಂದವರು. ಅದನ್ನೆಲ್ಲ ನಾವು ಎಷ್ಟು ಸಲ ಬರೆದಿದ್ದೀವೋ, ಮತ್ತೆ ಬರೆಯಲ್ಲ. ನಮ್ಮ ಬಾವಿ ನಲವತ್ತೈದು ಅಡಿ ಆಳ, ಕಲ್ಲು ಕಟ್ಟಡ. 1988ರಲ್ಲಿ ಅಪ್ಪ ಬ್ಯಾಂಕ್ ಸಾಲ ಮಾಡಿ ಐದು ಹೆಚ್.ಪಿ. ಮೋನೋಬ್ಲಾಕ್ ಮೋಟಾರ್ ತಂದ. ಎಂಟು ವರ್ಷ ಓಡಿತು. ನಾನು ಪಿಯುಸಿ ಓದೋವಾಗ ಬಾವಿ ಬತ್ತಿತು. ಊರಿನ ಬಾವಿಗಳೆಲ್ಲ ಬತ್ತಿದ್ವು. ದುಡ್ಡಿದ್ದವರು ಬೋರ್ ಹಾಕಿಸಿದ್ರು, ಸಾವಿರ ಅಡಿ ದಾಟಿದ್ರು. ಅಪ್ಪ ಮಾತ್ರ ಮೋಟಾರ್ ಮಾರಲಿಲ್ಲ. ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟ. ಗುಜರಿಯವನು ಬಂದು ಕೇಳಿದಾಗೆಲ್ಲ "ನೀರು ಬತ್ತಾದೆ ಬಿಡು" ಅಂತಿದ್ದ. ಅಪ್ಪ ಹೋಗಿ ಹನ್ನೆರಡು ವರ್ಷ ಆಯ್ತು.

ನೀರು ಬಂತು. ಎಲ್ಲಿಂದ ಅಂದ್ರೆ ಬೆಂಗಳೂರಿನ ಕಕ್ಕಸುಗಳಿಂದ. 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಎರಡು ಹಂತದಲ್ಲಿ ಶುದ್ಧ ಮಾಡಿ, ಪೈಪಲ್ಲಿ ತಂದು ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಿಟ್ರಲ್ಲ, ಅದೇ ಕೆ.ಸಿ. ವ್ಯಾಲಿ ನೀರು. ಕೆರೆಯಿಂದ ಕೆರೆಗೆ ಕೋಡಿ ಹರಿದು ನಮ್ಮೂರ ಕೆರೆಗೂ ಬಂತು. ಮೂರನೇ ಹಂತದ ಶುದ್ಧೀಕರಣ ಆಗಬೇಕು ಅನ್ನೋ ಬೇಡಿಕೆಗೆ ನಾನೂ ಸಹಿ ಹಾಕಿದ್ದೀನಿ, ಈಗಲೂ ಅದೇ ಮಾತು ಹೇಳ್ತೀನಿ. ಆ ಬಾವಿ ನೀರು ನಾವು ಕುಡಿಯಲ್ಲ. ಆದ್ರೆ ಒಂದು ವಿಷಯಕ್ಕೆ ನನಗೆ ನಗು ತಡೆಯೋಕಾಗಲ್ಲ. ಬೆಂಗಳೂರಿನ ಯಾವ ಜಾತಿಯವರ ಕಕ್ಕಸಿನ ನೀರು, ಯಾವ ಕೇರಿಯ ಬಚ್ಚಲು ನೀರು ಅಂತ ನಮ್ಮೂರಲ್ಲಿ ಒಬ್ಬರೂ ಕೇಳಲಿಲ್ಲ. ಕೆರೆಗೆ ಬಾಗಿನ ಬಿಟ್ರು. ನಮ್ಮಜ್ಜಿ ಕೊಡ ತಗಲಿದ್ದಕ್ಕೆ ಸೇದೋ ಬಾವಿ ಹಗ್ಗ ಬದಲಾಯಿಸಿದ ಮನೆಯವರೇ ಮುಂದೆ ನಿಂತು ಬಿಟ್ರು. ಆ ನಗರದ ಮ್ಯಾನ್‌ಹೋಲ್‌ಗೆ ಇಳಿಯೋರು ಯಾರು ಅಂತ ಮಾತ್ರ ನಮಗೂ ಗೊತ್ತು, ಅವರಿಗೂ ಗೊತ್ತು.

ಈ ಕೆರೆಗಳಿಂದ ನೇರವಾಗಿ ಪಂಪ್ ಮಾಡೋ ಹಾಗಿಲ್ಲ, ನೀರು ಇಂಗಿ ಅಂತರ್ಜಲ ಏರಲಿ ಅನ್ನೋದು ಯೋಜನೆ. ರಾತ್ರಿ ಹೊತ್ತು ಕೆರೆಗೆ ಪೈಪ್ ಬಿಡೋರು ಬಿಡ್ತಾರೆ, ಅದು ಬೇರೆ ಕಥೆ. ನಮಗೆ ಆ ಕಳ್ಳತನದ ಅಗತ್ಯ ಬೀಳಲಿಲ್ಲ. ಬಾವಿಗೆ ತಾನಾಗೇ ಜಲ ಬಂತು. ಮೊದಲ ವರ್ಷ ತಳ ಒದ್ದೆ, ಆಮೇಲೆ ಮೊಣಕಾಲುದ್ದ. ಈ ಮಾರ್ಚಲ್ಲಿ ಇಳಿದು ನೋಡಿದ್ರೆ ದಂಡೆಯಿಂದ ಇಪ್ಪತ್ತೆಂಟು ಅಡಿಗೆ ನೀರು ನಿಂತಿದೆ.

ಮೋಟಾರ್ ಕೋಲಾರಕ್ಕೆ ತಂದು ರಿವೈಂಡಿಂಗ್ ಮಾಡಿಸಿದೆ. ಆಫೀಸಿಗೆ ಮೂರು ದಿನ ರಜೆ ಬರೆದು ಕೊಟ್ಟೆ. ಯೂಟ್ಯೂಬ್ ನೋಡಿ ಎಲ್ಲ ಕಲ್ತಿದ್ದೀನಿ ಅನ್ನೋ ಧೈರ್ಯ ಇತ್ತು. ಮೋಟಾರನ್ನ ಬಾವಿ ದಂಡೆ ಮೇಲೆ ಕೂರಿಸೋಣ ಅಂದೆ. ಚಿಕ್ಕಪ್ಪ, ಎಪ್ಪತ್ತು ದಾಟಿದವನು, ಬೀಡಿ ಹಚ್ಕೊಂಡು ನನ್ನ ಮುಖ ನೋಡಿದ.

"ಬಿ.ಎ. ಓದಿದ್ದೀಯ ಅಲ್ವೇನ್ಲಾ?"

"ಹೂಂ."

"ಇಪ್ಪತ್ತಡಿ ಮೇಲಾದ್ರೆ ಅದಕ್ಕೆ ಉಸಿರು ಸಾಲಲ್ಲ ಕಣೋ. ಗೂಡಿಗೆ ಇಳಿಸು."

ಆಮೇಲೆ ಓದಿ ತಿಳ್ಕೊಂಡೆ. ಪಂಪು ನೀರನ್ನ ಎಳೆಯಲ್ಲ. ಅದು ಪೈಪಿನೊಳಗಿನ ಒತ್ತಡವನ್ನ ಕಮ್ಮಿ ಮಾಡುತ್ತೆ ಅಷ್ಟೆ, ಹೊರಗಿನ ಗಾಳಿ ಬಾವಿ ನೀರಿನ ಮೇಲೆ ಒತ್ತಿ ನೀರನ್ನ ಪೈಪೊಳಗೆ ಏರಿಸುತ್ತೆ. ಆ ಗಾಳಿಯ ಒತ್ತಡಕ್ಕೆ ಸಮುದ್ರ ಮಟ್ಟದಲ್ಲಿ ಲೆಕ್ಕದ ಪ್ರಕಾರ 34 ಅಡಿವರೆಗೆ ಮಾತ್ರ ನೀರನ್ನ ಏರಿಸೋಕಾಗುತ್ತೆ. ನಮ್ಮ ಕೋಲಾರ ಸಮುದ್ರ ಮಟ್ಟದಿಂದ 800 ಮೀಟರ್‌ಗಿಂತ ಮೇಲಿದೆ, ಇಲ್ಲಿ ಇನ್ನೂ ಕಮ್ಮಿ. ಪೈಪಿನ ತಡೆ, ಫುಟ್‌ವಾಲ್ವ್‌ನ ತಡೆ ಎಲ್ಲ ಕಳೆದ್ರೆ ಕೈಗೆ ಸಿಗೋದು ಇಪ್ಪತ್ತು, ಇಪ್ಪತ್ತೆರಡು ಅಡಿ. ಎಷ್ಟೇ ಹೆಚ್.ಪಿ. ಹಾಕಿದ್ರೂ ಅಷ್ಟೇ. ಆದ್ರೆ ಮೇಲಕ್ಕೆ ತಳ್ಳೋದು ಎಷ್ಟಾದ್ರೂ ತಳ್ಳಬಹುದು, ಅದು ಮೋಟಾರಿನ ಶಕ್ತಿ. ಅದಕ್ಕೇ ಹಳೇ ಬಾವಿಗಳಲ್ಲಿ ಗೋಡೆ ಕೊರೆದು ಗೂಡು ಮಾಡಿ, ನೀರು ಇಳಿದ ಹಾಗೆ ಮೋಟಾರನ್ನೂ ಇಳಿಸ್ತಾ ಹೋಗ್ತಿದ್ರು. ನಮ್ಮ ಬಾವಿಯಲ್ಲೂ ಹದಿನಾಲ್ಕು ಅಡಿಗೆ ಅಪ್ಪ ಮಾಡಿದ ಗೂಡು ಹಾಗೇ ಇದೆ, ಚಪ್ಪಡಿ ಸಮೇತ. ಹಗ್ಗ ಕಟ್ಟಿ ನಾಲ್ಕು ಜನ ಮೋಟಾರ್ ಇಳಿಸಿದ್ವಿ. ಫೋನ್ ಹೋಗಿದ್ದು ಆವಾಗ್ಲೇ.

ಹಳೇ ಸಕ್ಷನ್ ಪೈಪೂ ಫುಟ್‌ವಾಲ್ವೂ ಅಟ್ಟದ ಮೇಲೇ ಇದ್ವು. ಜೋಡಿಸಿದ್ವಿ. ಮೋಟಾರ್ ಹಾಕೋಕೆ ಮುಂಚೆ ಪೈಪು ಪಂಪು ಎರಡೂ ನೀರಿಂದ ತುಂಬಿರಬೇಕಲ್ಲ, ಬಿಂದಿಗೆ ಬಿಂದಿಗೆ ಸುರಿದ್ವಿ. ಸುರಿದಿದ್ದೆಲ್ಲ ಕೆಳಗೆ ಬಾವಿಗೇ ಹೋಯ್ತು. ಫುಟ್‌ವಾಲ್ವ್ ನೀರು ಹಿಡೀತಿಲ್ಲ. ಬಿಚ್ಚಿ ನೋಡಿದ್ರೆ ಒಳಗಿನ ತೊಗಲಿನ ಮುಚ್ಚಳ ಒಣಗಿ, ಮುದುರಿ, ಹಪ್ಪಳ ಆಗಿತ್ತು.

"ಹೊಸ ವಾಲ್ವ್ ತರ್ತೀನಿ, ರಬ್ಬರಿಂದು" ಅಂದೆ. ಚಿಕ್ಕಪ್ಪ ಮಾತಾಡದೆ ಮನೆಗೆ ಹೋದ. ಬರೋವಾಗ ಅವನ ಹಳೇ ಚೀಲ ತಂದ. ರಂಪಿಗೆ, ಉಳಿ, ಮೇಣದ ದಾರ, ಒಂದು ಅಂಗೈ ಅಗಲದ ದಪ್ಪ ತೊಗಲು. ಬಸ್‌ಸ್ಟ್ಯಾಂಡ್ ಪಕ್ಕ ಚಪ್ಪಲಿ ಹೊಲಿಯೋದು ಬಿಟ್ಟು ಏಳೆಂಟು ವರ್ಷ ಆಗಿದೆ, ಚೀಲ ಮಾತ್ರ ಬಿಟ್ಟಿಲ್ಲ.

ಇಲ್ಲಿ ಒಂದು ವಿಷಯ ಒಪ್ಕೋಬೇಕು. ಹಾಸ್ಟೆಲ್‌ನಲ್ಲಿದ್ದಾಗ ಅಪ್ಪ ಏನು ಕೆಲಸ ಮಾಡ್ತಾರೆ ಅಂತ ಕೇಳಿದ್ರೆ "ವ್ಯವಸಾಯ" ಅಂತಿದ್ದೆ. ತೊಗಲಿನ ಮಾತೇ ಎತ್ತುತ್ತಿರಲಿಲ್ಲ. ಚಿಕ್ಕಪ್ಪ ಬಸ್‌ಸ್ಟ್ಯಾಂಡಲ್ಲಿ ಕೂತಿದ್ರೆ ಆ ಕಡೆ ರಸ್ತೆಯಲ್ಲಿ ಹೋಗ್ತಿದ್ದೆ. ಇವತ್ತು ವೇದಿಕೆ ಮೇಲೆ ನಿಂತು ನಾವು ಮಾದಿಗರು ಅಂತ ಎದೆ ತಟ್ಟಿ ಹೇಳೋನು ನಾನೇ. ಮೊನ್ನೆ ಆ ಚೀಲ ಬಿಚ್ಚಿದಾಗ ಬಂದ ವಾಸನೆಗೆ ಒಂದು ಗಳಿಗೆ ಮುಖ ಆ ಕಡೆ ತಿರುಗಿತು. ಚಿಕ್ಕಪ್ಪ ನೋಡಿದ. ಏನೂ ಅನ್ನಲಿಲ್ಲ.

ತೊಗಲನ್ನ ರಾತ್ರಿಯೆಲ್ಲ ನೀರಲ್ಲಿ ನೆನೆಸಿದ. ಬೆಳಿಗ್ಗೆ ಹಳೇ ಮುಚ್ಚಳ ಮೇಲಿಟ್ಟು ಅಳತೆ ತೆಗೆದು, ರಂಪಿಗೆಯಲ್ಲಿ ಒಂದೇ ಸುತ್ತಿಗೆ ಕೊಯ್ದು, ಹರಳೆಣ್ಣೆ ತಿಕ್ಕಿದ. ತಿಕ್ಕುತ್ತಾ ಹೇಳಿದ: "ನಿಮ್ಮ ತಾತ ಈ ಸುತ್ತಿನ ಊರಿಗೆಲ್ಲ ಕಪಿಲೆ ಚೀಲ ಹೊಲಿದು ಕೊಡ್ತಿದ್ದ. ಎತ್ತಿನ ತೊಗಲು. ಒಂದು ತೊಟ್ಟು ಸೋರ್ತಿರಲಿಲ್ಲ. ಗೌಡರ ಕಬ್ಬೆಲ್ಲ ಆ ಚೀಲದ ನೀರಲ್ಲೇ ಬೆಳೆದಿದ್ದು."

ಕಪಿಲೆ ಹೋಯ್ತು, ಬೋರಿಂಗ್ ಬಂತು. ಕೈಪಂಪಿನ ಕೊಳವೆ ಒಳಗೆ ಮೇಲೆ ಕೆಳಗೆ ಆಡುವ ವಾಷರ್ ಕೂಡ ಬಹಳ ವರ್ಷ ತೊಗಲಿನದ್ದೇ ಇತ್ತು, ರಬ್ಬರ್ ಬಂದಿದ್ದು ಆಮೇಲೆ. ಅದಾದ ಮೇಲೆ ಈ ಫುಟ್‌ವಾಲ್ವ್. ನಮ್ಮ ಕೈಯಿ ಹದ ಮಾಡಿದ ತೊಗಲನ್ನ ದಾಟಿಯೇ ನೀರು ಮೇಲೆ ಬರಬೇಕಿತ್ತು, ಬಂದ ಮೇಲೆ ನಾವು ಕೊಡ ಹಿಡ್ಕೊಂಡು ದೂರ ನಿಲ್ಲಬೇಕಿತ್ತು. ಇಷ್ಟು ವರ್ಷ ಭಾಷಣ ಮಾಡಿದ್ದೀನಿ, ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಇದನ್ನ ಹೆಮ್ಮೆ ಅಂತ ಹೇಳ್ತಿಲ್ಲ. ಆ ಕಸುಬು ಬಿಟ್ಟಿದ್ದಕ್ಕೆ ನನಗೆ ಬೇಜಾರಿಲ್ಲ, ನನ್ನ ಮಗಳು ಅದನ್ನ ಕಲಿಯೋದೂ ಬೇಡ. ಆದ್ರೆ ಅವತ್ತು ಆ ಕಡೆ ರಸ್ತೆಯಲ್ಲಿ ಹೋಗಿದ್ದಕ್ಕೆ ಬೇಜಾರಿದೆ.

ವಾಲ್ವ್ ಹಿಡೀತು. ಸಂದುಗೊಂದು ಮುಚ್ಚಲಿ ಅಂತ ಚಿಕ್ಕಪ್ಪ ಎರಡು ಬಿಂದಿಗೆ ಸಗಣಿ ನೀರು ಕಲಸಿ ಪಂಪಿಗೆ ಕುಡಿಸಿದ. ಊರಲ್ಲಿ ಎಲ್ಲರೂ ಮಾಡೋದೇ. ಅವತ್ತು ತಾರೀಕು 20. ಮಹಾಡ್‌ನಲ್ಲಿ 1927ರ ಅದೇ ದಿನ ಬಾಬಾಸಾಹೇಬರು ಚೌದಾರ್ ಕೆರೆ ನೀರು ಕುಡಿದ ಮೇಲೆ ಅಲ್ಲಿನ ಮಡಿವಂತರು 108 ಗಡಿಗೆಯಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಹಾಕಿ ಕೆರೆ ಶುದ್ಧಿ ಮಾಡಿದ್ರಲ್ಲ, ಅದು ನೆನಪಾಗಿ ಗೂಡಿನೊಳಗೆ ಒಬ್ಬನೇ ನಕ್ಕೆ. ನಮ್ಮ ಸಗಣಿಗೆ ಏನಾದ್ರೂ ಕೆಲಸ ಇತ್ತು.

ಮೋಟಾರ್ ಹಾಕಿದ್ವಿ. ಗುಂಯ್ ಅಂತ ಓಡಿತು, ನೀರಿಲ್ಲ. ತಪ್ಪು ನನ್ನದೇ. ಗೂಡಿನ ಚಪ್ಪಡಿ ಅಂಚು ದಾಟಿಸೋಕೆ ಅಂತ ಸಕ್ಷನ್ ಪೈಪನ್ನ ಸ್ವಲ್ಪ ಮೇಲೆತ್ತಿ ಆಮೇಲೆ ಪಂಪಿನ ಬಾಯಿಗೆ ಇಳಿಸಿದ್ದೆ. "ಪೈಪಿಗೆ ಗೂನು ಮಾಡಿದ್ದೀಯಲ್ಲೋ" ಅಂದ ಚಿಕ್ಕಪ್ಪ. ಸಕ್ಷನ್ ಪೈಪು ನೀರಿಂದ ಪಂಪಿನವರೆಗೆ ಏರುತ್ತಲೇ ಬರಬೇಕು. ನಡುವೆ ಗೂನು ಇದ್ರೆ ಅಲ್ಲಿ ಗಾಳಿ ಸೇರ್ಕೊಂಡು ಕೂತ್ಬಿಡುತ್ತೆ, ಎಷ್ಟು ನೀರು ಕುಡಿಸಿದ್ರೂ ಹೋಗಲ್ಲ. ಚಪ್ಪಡಿ ಅಂಚು ಒಡೆದು ಪೈಪು ಸರಿ ಮಾಡಿದ್ವಿ. ನೀರು ಬಂತು, ಆದ್ರೆ ಕೆಮ್ಮಿ ಕೆಮ್ಮಿ. ಎಲ್ಲೋ ಗಾಳಿ ಎಳೀತಿದೆ. ನೀರು ಸೋರಿದ್ರೆ ಕಣ್ಣಿಗೆ ಕಾಣುತ್ತೆ, ಗಾಳಿ ಒಳಗೆ ಹೋಗೋದು ಹೇಗೆ ಕಾಣಬೇಕು? ಚಿಕ್ಕಪ್ಪ ಬೀಡಿ ಎಳೆದು ಒಂದೊಂದೇ ಜಾಯಿಂಟ್ ಹತ್ತಿರ ಹೊಗೆ ಬಿಟ್ಟ. ಫ್ಲಾಂಜ್ ಹತ್ತಿರ ಹೊಗೆ ಸರಕ್ ಅಂತ ಒಳಗೆ ಹೋಯ್ತು. ಪ್ಯಾಕಿಂಗ್ ಬದಲಾಯಿಸಿ ನಾಲ್ಕು ಬೋಲ್ಟನ್ನ ಎದುರುಬದುರು ಬಿಗಿ ಮಾಡಿದ ಮೇಲೆ ಕೆಮ್ಮು ನಿಂತಿತು.

ಇಷ್ಟು ಬಾವಿಯೊಳಗಿನ ಕಥೆ. ನಿಜವಾದ ತಲೆನೋವು ಬಾವಿ ಹೊರಗಿತ್ತು.

ಬಾವಿಯಿಂದ ಮೇಲಿನ ಮೂವತ್ತಾರು ಗುಂಟೆಗೆ ನೇರವಾಗಿ ಪೈಪ್ ಎಳೆದ್ರೆ 320 ಅಡಿ. ಇಪ್ಪತ್ತು ಅಡಿಯ ಹದಿನಾರು ಪೈಪು. ಆದ್ರೆ ಅದು ನಡುವಿನ ಹದಿನಾಲ್ಕು ಗುಂಟೆ ದಾಟಬೇಕು. ಟ್ರೆಂಚ್ ಹೊಡೆಯೋಕೆ ಮುಂಚೆ ಗೌಡರನ್ನ ಕೇಳೋಣ ಅಂತ ಚಿಕ್ಕಪ್ಪನ ಜೊತೆ ಹೋದೆ. ಒಳ್ಳೆ ಮಾತಲ್ಲೇ ಮಾತಾಡಿಸಿದ್ರು. ನನಗೆ "ಬನ್ನಿ ಕೂತ್ಕೊಳ್ಳಿ", ಚಿಕ್ಕಪ್ಪನಿಗೆ "ಏನ್ಲಾ, ಚೆನ್ನಾಗಿದ್ದೀಯಾ". ಅವರಿಗಿಂತ ಚಿಕ್ಕಪ್ಪ ಹತ್ತು ವರ್ಷ ದೊಡ್ಡವನು. ಅವನು ನಿಂತೇ ಇದ್ದ, ನಾನೂ ಕೂರಲಿಲ್ಲ.

"ಪೈಪ್ ಹಾಕ್ಕೊಳ್ಳಿ, ಅದಕ್ಕೇನಂತೆ. ಮೂರಡಿ ಆಳಕ್ಕೆ ಹಾಕಿ, ನೇಗಿಲಿಗೆ ತಗಲದ ಹಾಗೆ. ನಡುವೆ ಒಂದು ಟೀ ಬಿಡಿ, ನಮ್ಮ ಬೋರ್ ಕೈಕೊಟ್ಟಾಗ ನಾಲ್ಕು ಸಾಲಿಗೆ ನೀರು ಬಿಟ್ಕೋತೀವಿ. ಮತ್ತೆ ಒಂದು ಬಿಳಿ ಹಾಳೆ ಮೇಲೆ, ನಿಮ್ಮ ಜಮೀನಲ್ಲಿ ಪೈಪ್ ಹಾಕೋಕೆ ಅನುಮತಿ ಕೊಟ್ಟಿದ್ದೀರಿ ಅಂತ ಬರೆದು ಸೈನ್ ಹಾಕಿ ಕೊಡಿ. ನೀವು ಆಫೀಸಲ್ಲಿ ಇರೋರು, ನಿಮಗೆ ಗೊತ್ತಲ್ಲ."

ನನಗೆ ಗೊತ್ತು. ಇಪ್ಪತ್ತು ವರ್ಷದಿಂದ ಫೈಲು ನೋಡ್ತಿದ್ದೀನಿ. "ನಿಮ್ಮ ಜಮೀನು" ಅನ್ನೋ ಎರಡು ಪದ ನನ್ನ ಕೈಬರಹದಲ್ಲಿ ಸಿಕ್ಕಿದ್ರೆ ಆಮೇಲೆ ಅದು ಎಲ್ಲೆಲ್ಲಿ ಹಾಜರಾಗುತ್ತೆ ಅಂತ ಗೊತ್ತು. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ, ನಮ್ಮವರಿಗೆ ಮಂಜೂರಾದ ಜಮೀನು ಷರತ್ತು ಮೀರಿ ಪರಭಾರೆ ಆಗಿದ್ರೆ ವಾಪಸ್ ಕೊಡಿಸಿ ಅಂತ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬಹುದು. ತಡ ಆಯ್ತು ಅನ್ನೋ ಕಾರಣಕ್ಕೆ ಅರ್ಜಿಗಳು ಬಿದ್ದು ಹೋಗ್ತಿದ್ದಾಗ 2023ರಲ್ಲಿ ತಿದ್ದುಪಡಿ ಆಗಿ, ಅರ್ಜಿಗೆ ಕಾಲಮಿತಿ ಇಲ್ಲ ಅಂತಾಯ್ತು. ಆ ತಿದ್ದುಪಡಿ ಬೇಕು ಅಂತ ಧರಣಿ ಕೂತವರಲ್ಲಿ ನಾನೂ ಒಬ್ಬ. ಬೇರೆಯವರಿಗೆ ಎಷ್ಟೋ ಅರ್ಜಿ ಬರೆದು ಕೊಟ್ಟಿದ್ದೀನಿ.

ನಮ್ಮದೇ ಹದಿನಾಲ್ಕು ಗುಂಟೆಗೆ ಬರೆದಿಲ್ಲ. ಚಿಕ್ಕಪ್ಪನ ಮಗ ಅದೇ ಗೌಡರ ಟ್ರ್ಯಾಕ್ಟರ್ ಓಡಿಸ್ತಾನೆ. ಚಿಕ್ಕಮ್ಮ ಅವರ ತೋಟಕ್ಕೆ ಟೊಮೊಟೊ ಬಿಡಿಸೋಕೆ ಹೋಗ್ತಾಳೆ. ನಾನು ಕೋಲಾರದಲ್ಲಿ ಬಾಡಿಗೆ ಮನೆಯಲ್ಲಿರೋನು, ಅರ್ಜಿ ಹಾಕಿ ಬಸ್ ಹತ್ತಬಹುದು. ಅವರು ಅಲ್ಲೇ ಇರಬೇಕು. ಸಂಘಟನೆಯ ಗೆಳೆಯರು ಕೇಳಿದಾಗೆಲ್ಲ "ದಾಖಲೆ ಹುಡುಕ್ತಿದ್ದೀನಿ" ಅಂತ ಹೇಳ್ಕೊಂಡು ಬಂದಿದ್ದೀನಿ. ದಾಖಲೆ ನನ್ನ ಬೀರುವಿನಲ್ಲೇ ಇದೆ.

ಗೌಡರ ಮನೆ ಜಗಲಿ ಇಳಿದ ಮೇಲೆ ನಾನೇ ಹೇಳಿದೆ, "ಬರೆದು ಕೊಟ್ಬಿಡ್ತೀನಿ ಚಿಕ್ಕಪ್ಪ. ನೀರು ಮುಖ್ಯ ಅಲ್ವಾ ಈಗ."

ಚಿಕ್ಕಪ್ಪ ಸ್ವಲ್ಪ ದೂರ ಸುಮ್ನೆ ನಡೆದ. "ಅಣ್ಣ ಅಷ್ಟು ವರ್ಷ ಮೋಟಾರು ಯಾಕೆ ಇಟ್ಟಿದ್ದ" ಅಂದ. ಆಮೇಲೆ, "ಹೆಬ್ಬೆಟ್ಟು ಒತ್ತಿದೋನು ಓದು ಬರ್ದೆ ಒತ್ತಿದ. ನೀನು ಓದಿದೋನು. ಬಂಡಿದಾರಿ ಇಲ್ವಾ?"

ಗ್ರಾಮ ನಕಾಶೆಯಲ್ಲಿ ಚುಕ್ಕೆ ಗೆರೆಯಲ್ಲಿ ಬಂಡಿದಾರಿ ಇದೆ. ನಮ್ಮ ಕೆಳಗಿನ ತುಂಡಿನ ಮೂಲೆಯಿಂದ ಹೊರಟು, ಆ ಹದಿನಾಲ್ಕು ಗುಂಟೆಯನ್ನ ಸುತ್ತಿ, ಮೇಲಿನ ತುಂಡಿನ ತಲೆಗೆ ಸೇರುತ್ತೆ. ಅಳತೆ ಹಿಡಿದ್ರೆ 560 ಅಡಿ. ಇಪ್ಪತ್ತೆಂಟು ಪೈಪು, ಅಂದ್ರೆ ಹನ್ನೆರಡು ಜಾಸ್ತಿ. ಎರಡು ದೊಡ್ಡ ಬೆಂಡು ಜಾಸ್ತಿ. ಉದ್ದ ಹೆಚ್ಚಿದಷ್ಟೂ ಪೈಪಿನೊಳಗೆ ನೀರಿಗೆ ತಡೆ ಹೆಚ್ಚು, ಅದಕ್ಕೆ ಎರಡೂವರೆ ಇಂಚಿನ ಬದಲು ಪೂರ್ತಿ ಮೂರಿಂಚೇ ಹಾಕು ಅಂದ ಚಿಕ್ಕಪ್ಪ. ಅಂಗಡಿಯವನೂ ಅದನ್ನೇ ಅಂದ. ಅಗಲ ಸ್ವಲ್ಪ ಕಮ್ಮಿ ಮಾಡಿದ್ರೂ ತಡೆ ವಿಪರೀತ ಏರುತ್ತೆ. ಅಷ್ಟೇ ನೀರನ್ನ ಅರ್ಧ ಅಗಲದ ಪೈಪಲ್ಲಿ ಕಳಿಸಿದ್ರೆ ತಡೆ ಎರಡು ಪಟ್ಟಲ್ಲ, ಮೂವತ್ತು ಪಟ್ಟಾಗುತ್ತೆ. ಸೊಸೈಟಿಯಲ್ಲಿ ಸಾಲ ತಗೊಂಡೆ. ಬಂಡಿದಾರಿ ಪಕ್ಕದಲ್ಲಿ ಪೈಪ್ ಹೂಳ್ತೀವಿ ಅಂತ ಗ್ರಾಮ ಪಂಚಾಯ್ತಿಗೆ ಅರ್ಜಿ ಕೊಟ್ಟು, ನಕಾಶೆ ಪ್ರತಿ ಲಗತ್ತಿಸಿ, ಸ್ವೀಕೃತಿ ಪಡೆದೆ. ಗುಮಾಸ್ತ ಬುದ್ಧಿ ಇಲ್ಲಾದ್ರೂ ಕೆಲಸಕ್ಕೆ ಬಂತು.

ಮೂರು ದಿನದ ರಜೆ ಆರು ದಿನ ಆಯ್ತು. ಕೇರಿಯ ಎಂಟು ಹುಡುಗರು ಬಂದ್ರು. ಎರಡೂವರೆ ಅಡಿ ಆಳದ ಕಾಲುವೆ ತೋಡಿ, ಕಲ್ಲು ಆಯ್ದು, ತಳಕ್ಕೆ ಮರಳು ಹಾಕಿ, ಪೈಪು ಅಂಟಿಸ್ತಾ ಹೋದ್ವಿ. ಅಂಟಿಸೋಕೆ ಮುಂಚೆ ಎರಡೂ ತುದಿ ಒರೆಸಿ, ಗಮ್ ಹಚ್ಚಿ, ಒಳಗೆ ತಳ್ಳಿ ಅರ್ಧ ನಿಮಿಷ ಬಿಗಿಯಾಗಿ ಹಿಡೀಬೇಕು, ಒಂದು ದಿನ ನೀರು ಬಿಡಬಾರದು. ಬಿಸಿಲಿಗೆ ಬಿಟ್ರೆ ಪಿವಿಸಿ ಪೈಪು ಕೆಲವೇ ವರ್ಷದಲ್ಲಿ ಗಾಜಿನ ಹಾಗೆ ಒಡೆಯುತ್ತೆ, ಅದಕ್ಕೇ ಒಂದು ಗೇಣೂ ಬಿಡದೆ ಹೂತ್ವಿ. ಬಾವಿ ದಂಡೆಯಲ್ಲಿ ಗೇಟ್‌ವಾಲ್ವ್ ಮತ್ತು ನೀರು ವಾಪಸ್ ಹೊಡೆಯದ ಹಾಗೆ ಇನ್ನೊಂದು ವಾಲ್ವ್. ಟೀ ಬಿಡಲಿಲ್ಲ. ಗೌಡರು ಎರಡು ಸಲ ಬೈಕಲ್ಲಿ ಆ ದಾರಿಯಲ್ಲಿ ಹೋದ್ರು, ನಿಲ್ಲಿಸಲಿಲ್ಲ. ಚಿಕ್ಕಪ್ಪನ ಮಗನಿಗೆ ಆ ವಾರ ಟ್ರ್ಯಾಕ್ಟರ್ ಕೀ ಕೊಡಲಿಲ್ಲ. ಅವನು ನಮ್ಮ ಜೊತೆ ಕಾಲುವೆ ತೋಡಿದ. ಈ ಭಾನುವಾರ ಕರೆದಿದ್ದಾರಂತೆ, ಕೀ ಕೊಡ್ತಾರೋ ಲೆಕ್ಕ ಮುಗಿಸ್ತಾರೋ ಗೊತ್ತಿಲ್ಲ.

ತ್ರೀ ಫೇಸ್ ಕರೆಂಟು ರಾತ್ರಿ ಹನ್ನೊಂದಕ್ಕೆ ಬಂತು. ಚಿಕ್ಕಪ್ಪ ಬಾವಿ ಹತ್ತಿರ, ನಾನು ಮೇಲಿನ ತುಂಡಿನ ಪೈಪಿನ ಬಾಯಿ ಹತ್ತಿರ. ನನ್ನ ಹತ್ತಿರ ಫೋನಿಲ್ಲ, ಅವನಿಗೆ ಫೋನ್ ಬೇಡ. ಟಾರ್ಚ್ ಎರಡು ಸಲ ಆಡಿಸಿದ್ರೆ ಮೋಟಾರ್ ಹಾಕಿದೆ ಅಂತ ಲೆಕ್ಕ. ಟಾರ್ಚ್ ಆಡಿತು. ಮೊದಲು ಪೈಪಿಂದ ಬರೀ ಗಾಳಿ, ಬೆಚ್ಚಗೆ, ಗಮ್ ವಾಸನೆ. ಆಮೇಲೆ ಒಂದೆರಡು ಸಲ ಉಗುಳಿ, ಸಗಣಿ ಬಣ್ಣದ ನೀರು. ಆಮೇಲೆ ಪೈಪಿನ ತುಂಬ. ನಾನು ಟಾರ್ಚ್ ಆಡಿಸೋದು ಮರೆತೆ. ಅಲ್ಲಿಂದ ಚಿಕ್ಕಪ್ಪ ಕೂಗ್ತಿದ್ದಾನೆ, "ಬಂತೇನ್ಲಾ? ಬಂತಾ?" ಅಂತ. ಗಂಟಲು ಕಟ್ಟಿ ನನಗೆ ಉತ್ತರ ಕೊಡೋಕಾಗಲಿಲ್ಲ. ನೀರಿಲ್ಲ ಅಂದ್ಕೊಂಡು ಅವನು ಮೋಟಾರ್ ಆಫ್ ಮಾಡ್ಬಿಟ್ಟ. ಮತ್ತೆ ಕತ್ತಲಲ್ಲಿ ಓಡಿ ಹೋಗಿ ಹೇಳಿ ಹಾಕಿಸಿದೆ.

ಈಗ ಮೂವತ್ತಾರು ಗುಂಟೆಗೆ ರಾಗಿ ಬೇಡ, ರೇಷ್ಮೆ ಸೊಪ್ಪು ಹಾಕು ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಿದ್ದಾರೆ. ನೋಡೋಣ. ಉಪವಿಭಾಗಾಧಿಕಾರಿಗೆ ಕೊಡೋ ಅರ್ಜಿ ಟೈಪ್ ಮಾಡಿ ಪ್ರಿಂಟ್ ತೆಗೆದಿದ್ದೀನಿ, ಸಹಿ ಇನ್ನೂ ಹಾಕಿಲ್ಲ. ಈ ಭಾನುವಾರ ಊರಿಗೆ ಹೋಗಿ ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಗ ಮೂರೂ ಜನರ ಮುಂದೆ ಓದಿ ಹೇಳಬೇಕು. ಅವರು ಹೂಂ ಅನ್ನದೆ ನಾನು ಹಾಕಲ್ಲ. ಬೈಯೋರು ಇದಕ್ಕೂ ಬೈಯಿರಿ.

ಇನ್ನೊಂದು. ಮಳೆಗಾಲ ಚೆನ್ನಾಗಾದ್ರೆ ಬಾವಿ ನೀರು ಗೂಡಿನವರೆಗೆ ಏರುತ್ತೆ, ಮೋಟಾರ್ ಮುಳುಗುತ್ತೆ, ಅಷ್ಟರೊಳಗೆ ಮೇಲೆತ್ತೋಕೆ ಚೈನ್ ಪುಲ್ಲಿ ತಗೊಂಡು ಬಾ ಅಂತ ಚಿಕ್ಕಪ್ಪ ಹೇಳಿ ಕಳಿಸಿದ್ದಾನೆ. ಕೋಲಾರ, ಮಾಲೂರು, ಬಂಗಾರಪೇಟೆ ಕಡೆ ಯಾರ ಹತ್ತಿರ ಆದ್ರೂ ಹಳೇದು ಇದ್ರೆ ಹೇಳಿ. ಹೊಸ ಫೋನ್ ತಗೊಳ್ಳೋಕೆ ಈ ತಿಂಗಳು ಆಗಲ್ಲ, ಆಫೀಸ್ ಮುಗಿದ ಮೇಲೆ ಮಗಳ ಫೋನಲ್ಲಿ ನೋಡ್ತಿರ್ತೀನಿ, ಇಲ್ಲೇ ಮೆಸೇಜ್ ಹಾಕಿ.